ಅಂಗುಷ್ಠಮೀಮಾಂಸೆ

ಪತ್ರಕ್ಕೆ ರುಜು ಹಾಕಲರಿಯದೆ ಹೆಬ್ಬೆಟ್ಟೊತ್ತುತ್ತಿದ್ದವನನ್ನು ನಿರಕ್ಷರಕುಕ್ಷಿಯೆಂದು ಹಳಿಯುತ್ತಿದ್ದ ಲೋಕವು, ಇಂದು ಎರಡೆರಡು ಪದವಿ ಪಡೆದವರೂ ದಿನಕ್ಕೆ ನೂರು ಬಾರಿ ಹೆಬ್ಬೆಟ್ಟೊತ್ತುವುದನ್ನು ಕಂಡು, ಅದಕ್ಕೆ ‘ಜಾಲಮಾಧ್ಯಮಾಧಿಷ್ಠಿತ ರಾಜಕೀಯ ಪರಿವರ್ತನೆ’ ಎಂದು ನಾಮಕರಣ ಮಾಡಿರುವುದು ಸರ್ವವಿದಿತವಾಗಿದೆ. ಈ ನಾಮಧೇಯವನ್ನು ಕಳೆದ ತಿಂಗಳು ವಿಚಾರಸಂಕಿರಣವೊಂದರಲ್ಲಿ, ಊಟದ ಹೊತ್ತು ಮೀರಿ, ಬಿಸಿಬೇಳೆಬಾತಿನ ಪರಿಮಳವು ಬಾಗಿಲ ಸಂದಿಯಿಂದ ತೂರಿ ಬರುತ್ತಿರಲು, ಹನ್ನೊಂದು ಸಲ ಕೇಳಬೇಕಾಗಿ ಬಂದ ದುರ್ದೈವವೇ ಪ್ರಸ್ತುತ ಮೀಮಾಂಸೆಗೆ ನಿಮಿತ್ತಕಾರಣವು.

ಅಂಗುಷ್ಠವ್ಯಾಪಾರವು ಪಂಚವಿಧವಾದುದು. ಮೊದಲನೆಯದು ಅನುಮೋದನಾಂಗುಷ್ಠ; ಓದದೆಯೇ ಮೆಚ್ಚುವುದು ಇದರ ಲಕ್ಷಣ. ಎರಡನೆಯದು ಪ್ರೇಷಣಾಂಗುಷ್ಠ, ‘ಬಂದದ್ದನ್ನು ಕಳಿಸಿದ್ದೇನೆ ಅಷ್ಟೆ’ ಎಂಬ ಮಂತ್ರೋಚ್ಚಾರಣೆಯಿಂದ ಇದು ಸಕಲ ಪಾಪಗಳಿಂದಲೂ ವಿಮುಕ್ತವಾಗುವುದು. ಬೆಳಗಿನ ಆರು ಗಂಟೆಗೆ ‘ಶುಭೋದಯ’ದ ಗುಲಾಬಿಯ ಬೆನ್ನಿಗೇ ಎದುರು ಪಕ್ಷದ ನಾಯಕನ ಮುತ್ತಜ್ಜನ ಕುಲಶೋಧನೆಯನ್ನು ರವಾನಿಸುವ ನಮ್ಮ ಸೋದರಮಾವನವರು ಈ ವರ್ಗಕ್ಕೆ ಶ್ರೇಷ್ಠ ನಿದರ್ಶನ. ಉಳಿದ ಮೂರನ್ನು ವಿವರಿಸಹೊರಟರೆ ವಾಚಕರಿಗೂ ಬಿಸಿಬೇಳೆಬಾತಿನ ಚಿಂತೆ ಹತ್ತುವುದರಿಂದ ಬಿಟ್ಟಿದ್ದೇನೆ.

ಅಂಗುಷ್ಠದಿಂದಲೇ ರಾಜಕೀಯ ಪರಿವರ್ತನೆಯಾಗುವುದೆಂಬುದಕ್ಕೆ ಪೂರ್ವಪಕ್ಷಿಗಳು ಈಜಿಪ್ಟನ್ನು ಉದಾಹರಿಸುವರು. 2011ರ ಜನವರಿ 25ರ ಪ್ರತಿಭಟನೆಗೆ ಫೇಸ್‌ಬುಕ್ಕಿನಲ್ಲಿ ಕರೆ ಹೋದುದು ದಿಟವೇ. ಆದರೆ 28ರಂದು ಸರ್ಕಾರವು ಅಂತರ್ಜಾಲವನ್ನೇ ಕಡಿದುಹಾಕಲು, ಶುಕ್ರವಾರದ ನಮಾಜು ಮುಗಿಸಿ ಬೀದಿಗಿಳಿದ ಜನಸಾಗರವು ಹಿಂದಿಗಿಂತ ಹಿಗ್ಗಿತೇ ಹೊರತು ತಗ್ಗಲಿಲ್ಲ. ಫೆಬ್ರವರಿ 11ರಂದು ಆ ದೇಶದ ಅಧ್ಯಕ್ಷ ಮುಬಾರಕ್ ಗದ್ದುಗೆಯಿಳಿದುದರಲ್ಲಿ ಅಂಗುಷ್ಠಗಳ ಪಾಲೆಷ್ಟು, ತಹ್ರೀರ್ ಚೌಕದಲ್ಲಿ ಸವೆದ ಅಂಗಾಲುಗಳ ಪಾಲೆಷ್ಟು ಎಂಬ ವಿಭಾಗಪತ್ರವನ್ನು ಯಾರೂ ಬರೆದಿಲ್ಲ. ಜಾಲವಿಲ್ಲದ ಆ ಐದು ದಿನಗಳು ನಮ್ಮ ಸಂಕಿರಣದ ಪರದೆಯ ಮೇಲೆ ಮೂಡಲೂ ಇಲ್ಲ.

ಮೂಡದಿದ್ದ ಇನ್ನೊಂದು ದಿನವೂ ಉಂಟು. 2018ರ ಜುಲೈ 13. ಬೀದರ್ ಜಿಲ್ಲೆಯ ಹಳ್ಳಿಯೊಂದರಲ್ಲಿ ಮಕ್ಕಳಿಗೆ ಚಾಕಲೇಟು ಹಂಚಿದ ಪರಸ್ಥಳದ ಗೆಳೆಯರನ್ನು ಮಕ್ಕಳ ಕಳ್ಳರೆಂದು ವಾಟ್ಸಾಪಿನಲ್ಲಿ ಸಾರಿದರು. ಅವರ ಕಾರಿಗಿಂತ ಮೊದಲೇ ಸುದ್ದಿ ದಾರಿಯ ಮುಂದಿನ ಮುರ್ಕಿ ಗ್ರಾಮವನ್ನು ಮುಟ್ಟಿತ್ತು. ದಾರಿ ಕಟ್ಟಿದ್ದರು. ಆ ಗೆಳೆಯರಲ್ಲಿ ಹೈದರಾಬಾದಿನ ತರುಣ ಇಂಜಿನಿಯರನೊಬ್ಬನನ್ನು ಹೊಡೆದು ಕೊಂದರು. ಅದೇ ತಿಂಗಳು ವಾಟ್ಸಾಪ್ ಕಂಪನಿಯು, ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ದಾಟಿಸಬಹುದೆಂಬ ಮಿತಿಯನ್ನು ಪ್ರಕಟಿಸಿತು. ಐದು! ಒಬ್ಬ ಮನುಷ್ಯನನ್ನು ಮುಗಿಸಲು ಒಂದು ಗುಂಪು ಸಾಲದೇ? ಪರಿವರ್ತನೆಯ ಖಾತೆಯಲ್ಲಿ ಇದನ್ನು ಜಮೆಗೆ ಹಿಡಿಯುವಿರೋ, ಖರ್ಚಿಗೋ?

ಪ್ರಶ್ನೋತ್ತರದ ವೇಳೆಯಲ್ಲಿ ಎದ್ದು ಇದನ್ನೇ ಕೇಳಿದೆನು. ಮೇಜಿನ ಕೆಳಗೆ ಹೆಬ್ಬೆರಳಾಡಿಸುತ್ತಿದ್ದ ಅಧ್ಯಕ್ಷರು ತಲೆಯೆತ್ತಿ, “ಊಟ ಆರುತ್ತಿದೆ, ಸ್ವಾಮಿ” ಎಂದರು.