ಸೇಮ್ ಟು ಸೇಮ್ ಮಾಮ

ಮುಂಬಯಿಯಲ್ಲಿ ಮುಲುಂಡಿನಿಂದ ದಹಿಸರಿನವರೆಗೆ ಯಾವ ಹೌಸಿಂಗ್ ಸೊಸೈಟಿಗೆ ಹೋದರೂ ಇಂಥವರೊಬ್ಬರು ಸಿಕ್ಕೇ ಸಿಗುತ್ತಾರೆ. ಬ್ಯಾಂಕಿನಿಂದಲೋ ಮಿಲ್ಲಿನ ಲೆಕ್ಕಪತ್ರ ವಿಭಾಗದಿಂದಲೋ ನಿವೃತ್ತರು. ಊರು ಉಡುಪಿಯೋ ಕುಂದಾಪುರವೋ. ಅಂಗಿಯ ಜೇಬಿನಲ್ಲಿ ಪೆನ್ನಿನ ಪಕ್ಕ ಒಂದು ವರ್ನಿಯರ್ ಕ್ಯಾಲಿಪರ್. ಅವರ ಪಾರ್ಕಿಂಗ್ ಯಾವುದೆಂದು ವಾಚ್‌ಮನ್ನನ್ನು ಕೇಳಬೇಕಾಗಿಲ್ಲ: ಯಾವ ಕಾರಿನ ಹೊಟ್ಟೆಯಡಿ ಎಣ್ಣೆ ಕುಡಿದ ರಟ್ಟು ಹಾಸಿದೆಯೋ ಅದೇ. ನಮ್ಮ ಸೊಸೈಟಿಯಲ್ಲಿರುವವರಿಗೆ ಮಕ್ಕಳು ಇಟ್ಟ ಹೆಸರು ‘ಸೇಮ್ ಟು ಸೇಮ್ ಮಾಮ’. ಬಿಡಿಭಾಗ ಯಾವುದೇ ಇರಲಿ, ಅವರ ತೀರ್ಪು ಈ ಮೂರು ಪದ ದಾಟುವುದಿಲ್ಲ.

“ಕಾರು ಕಂಪನಿ ಆಯಿಲ್ ಸೀಲು ಮಾಡುವುದಿಲ್ಲ ಮಾರಾಯ್ರೆ. ಯಾರೋ ಮಾಡಿಕೊಟ್ಟದ್ದನ್ನು ಡಬ್ಬಿಗೆ ಹಾಕಿ ಮೇಲೆ ತನ್ನ ಹೆಸರು ಅಚ್ಚು ಹಾಕಿಸುತ್ತದೆ, ಅಷ್ಟೆ. ಡಬ್ಬಿಗೆ ನಾನು ಎಂತಕ್ಕೆ ದುಡ್ಡು ಕೊಡಬೇಕು? ಡಬ್ಬಿ ಎಂಜಿನ್ನಿನೊಳಗೆ ಹೋಗ್ತದಾ?”

ತೊಂದರೆಯೆಂದರೆ ಮಾಮ ಹೇಳುವುದರಲ್ಲಿ ಅರ್ಧ ನಿಜ ಉಂಟು. ಸೀಲು ತಯಾರಿಸುವವರು ಬೇರೆ, ಕಾರು ತಯಾರಿಸುವವರು ಬೇರೆ. ಡಬ್ಬಿ ಅಸಲಿ, ಒಳಗಿನ ಸರಕು ನಕಲಿ ಎಂಬ ಕಸುಬೂ ಈ ಊರಿಗೆ ಹೊಸದಲ್ಲ. ಪೂರ್ತಿ ಸುಳ್ಳು ಹೇಳುವವರನ್ನು ಎದುರಿಸಬಹುದು, ಅರ್ಧ ನಿಜ ಹೇಳುವವರ ಎದುರು ವಾದ ಗೆದ್ದವರನ್ನು ನಾನು ಕಂಡಿಲ್ಲ.

ಈ ಸಿದ್ಧಾಂತದ ಮೂಲ ಹುಡುಕಿದರೆ ಕುರ್ಲಾಕ್ಕೆ ಹೋಗಬೇಕು. ವಾಲಚಂದ್ ಹೀರಾಚಂದ್ 1944ರಲ್ಲಿ ಕಟ್ಟಿದ ಪ್ರೀಮಿಯರ್ ಕಂಪನಿ ಅಲ್ಲಿಂದಲೇ ಫಿಯೆಟ್ ಕಾರುಗಳನ್ನು ಹೊರಡಿಸಿತು. 1974ರಲ್ಲಿ ಕಾರಿಗೆ ಪದ್ಮಿನಿ ಎಂಬ ಹೆಸರು ಬಂತು. ಮಾಮನ ಮೊದಲ ಕಾರು ಅದೇ, 1089 ಸಿಸಿಯ ಕೆನೆಬಣ್ಣದ್ದು. ಕಾರ್ಖಾನೆ ನಿಂತಮೇಲೂ ಮುಂಬಯಿಯ ಕಾಲಿ-ಪೀಲಿ ಟ್ಯಾಕ್ಸಿ ಪದ್ಮಿನಿಗಳು ಓಡುತ್ತಲೇ ಇದ್ದವು. ಕೊನೆಯದು 20 ವರ್ಷದ ವಯೋಮಿತಿ ಮುಗಿಸಿ ರಸ್ತೆ ಬಿಟ್ಟದ್ದು 2023ರ ಅಕ್ಟೋಬರಿನಲ್ಲಿ. ಅಷ್ಟು ವರ್ಷ ಅವನ್ನು ಓಡಿಸಿದ್ದು ಕಂಪನಿಯ ಡಬ್ಬಿಯಲ್ಲ, ಕುರ್ಲಾದ ಗುಜರಿ ಮತ್ತು ಅಳತೆ ಹೇಳಿದರೆ ಮಾಲು ತೆಗೆದುಕೊಡುವ ಅಂಗಡಿಗಳು. ಆಗ ಅದು ಅನಿವಾರ್ಯ. ಪದ್ಮಿನಿ ಗುಜರಿಗೆ ಹೋಯಿತು, ಮಾಮನ ಮನೆಗೆ ಹೊಸ ಕಾರು ಬಂತು, ಅನಿವಾರ್ಯ ಮಾತ್ರ ಹಾಗೆಯೇ ಉಳಿದುಕೊಂಡು ವ್ರತವಾಯಿತು.

ವ್ರತದ ಕ್ಷೇತ್ರ ನಾಗದೇವಿ ಸ್ಟ್ರೀಟ್. ಶನಿವಾರ ಬೆಳಿಗ್ಗೆ ಮಾಮ ಹಳೆಯ ಸೀಲನ್ನು ಪೇಪರಿನಲ್ಲಿ ಸುತ್ತಿಕೊಂಡು ಸ್ಲೋ ಲೋಕಲ್ ಹತ್ತಿ, ಫೋರ್ತ್ ಸೀಟಿನಲ್ಲಿ ಅರ್ಧ ಕೂತು, ಮಸೀದಿ ಸ್ಟೇಷನ್ನಿನಲ್ಲಿ ಇಳಿಯುತ್ತಾರೆ. ಕೈಗಾಡಿ, ಹಮಾಲರು, ಬೇರಿಂಗಿನ ರಾಶಿ, ಬೆಲ್ಟಿನ ತೋರಣ. ಈ ಇಕ್ಕಟ್ಟಿನಲ್ಲಿ ಅವರ ಮುಖಕ್ಕೆ ಬರುವ ಕಳೆ ಕೃಷ್ಣ ಮಠದ ಕಿಂಡಿಯೆದುರು ಕೂಡ ಬಂದದ್ದನ್ನು ಮಾಮಿ ನೋಡಿಲ್ಲವಂತೆ.

ಆಯಿಲ್ ಸೀಲು ನೋಡಲು ಬಳೆಯ ಹಾಗಿರುತ್ತದೆ. ಹೊರಗೆ ಲೋಹದ ಕವಚ, ಒಳಗೆ ರಬ್ಬರಿನ ತುಟಿ, ತುಟಿಯನ್ನು ಬಿಗಿಹಿಡಿಯಲು ಸಣ್ಣ ಸ್ಪ್ರಿಂಗು. ತಿರುಗುವ ಶಾಫ್ಟಿಗೆ ತಾಗಿಯೂ ತಾಗದಂತೆ ನಿಂತು ಎಣ್ಣೆಯನ್ನು ಒಳಗೇ ಇಡುವುದು ಆ ತುಟಿಯ ಕೆಲಸ. ಮೈಮೇಲೆ 35-50-8 ಎಂಬಂತೆ ಮೂರು ಅಂಕಿ ಒತ್ತಿರುತ್ತಾರೆ: ಒಳವ್ಯಾಸ, ಹೊರವ್ಯಾಸ, ದಪ್ಪ, ಎಲ್ಲ ಮಿಲಿಮೀಟರಿನಲ್ಲಿ. ಮಾಮನ ವಿದ್ಯೆ ಈ ಮೂರನೆಯ ಅಂಕಿಗೆ ಮುಗಿಯಿತು. ಅಂಗಡಿಯ ಸೇಠ್ ಮಾತ್ರ ನಾಲ್ಕನೆಯ ಪ್ರಶ್ನೆ ಕೇಳಿಯೇ ಕೇಳುತ್ತಾನೆ: “ಅಂಕಲ್, ನೈಟ್ರೈಲ್ ದೂಂ ಯಾ ವಿಟಾನ್?”

ನೈಟ್ರೈಲ್ ಅಗ್ಗದ ರಬ್ಬರು. ನೂರು ಡಿಗ್ರಿಯ ಆಸುಪಾಸಿನವರೆಗೆ ಮರ್ಯಾದೆಯಿಂದ ಇರುತ್ತದೆ, ಅದರ ಮೇಲೆ ದಿನವೂ ಕಾಯಿಸಿದರೆ ತುಟಿ ಗಟ್ಟಿಯಾಗಿ ಬಿರಿಯುತ್ತದೆ. ವಿಟಾನ್ 200 ಡಿಗ್ರಿಯನ್ನೂ ತಾಳಿಕೊಳ್ಳುತ್ತದೆ, ಬೆಲೆ ಹಲವು ಪಟ್ಟು. ಸಾಮಾನ್ಯವಾಗಿ ಒಂದು ಕಪ್ಪು, ಇನ್ನೊಂದು ಕಂದು. ಮೇ ತಿಂಗಳ ಮಧ್ಯಾಹ್ನ ಎಲ್.ಬಿ.ಎಸ್. ಮಾರ್ಗದ ಜಾಮಿನಲ್ಲಿ ಎ.ಸಿ. ಹಾಕಿಕೊಂಡು ನಿಂತ ಎಂಜಿನ್ನಿಗೆ ಯಾವುದು ಬೇಕೆಂದು ಸೇಠನಿಗೆ ಗೊತ್ತು. ಮಾಮ ಎರಡನ್ನೂ ಕ್ಯಾಲಿಪರಿನಲ್ಲಿ ಅಳೆಯುತ್ತಾರೆ. “ಕಪ್ಪಾದರೂ ಅದೇ ಸೈಜು, ಕಂದಾದರೂ ಅದೇ ಸೈಜು. ಬಣ್ಣಕ್ಕೆ ದುಡ್ಡು ಕೊಡಲಿಕ್ಕೆ ಇದೇನು ಸೀರೆಯಾ?”

ಒಮ್ಮೆ ನಾನು ಚಾಲೆಂಜರ್ ಬಾಹ್ಯಾಕಾಶ ನೌಕೆಯ ಕತೆ ಹೇಳಿ ಹೆದರಿಸಲು ನೋಡಿದೆ. 1986ರ ಜನವರಿಯ ಕೊರೆಯುವ ಬೆಳಿಗ್ಗೆ ರಾಕೆಟ್ಟಿನ ರಬ್ಬರ್ ಓ-ರಿಂಗ್ ಚಳಿಗೆ ಸೆಟೆದುಕೊಂಡು ಏಳು ಜನ ಸತ್ತರು. ವಿಜ್ಞಾನಿ ಫೈನ್‌ಮನ್ ವಿಚಾರಣಾ ಆಯೋಗದ ಮುಂದೆ ಅದೇ ರಬ್ಬರಿನ ತುಂಡನ್ನು ಐಸ್ ನೀರಿನಲ್ಲಿ ಅದ್ದಿ ತೋರಿಸಿದರು. ಮಾಮ ಗಂಭೀರವಾಗಿ ಕೇಳಿ, “ಹೌದಾ? ಮುಂಬಯಿಯಲ್ಲಿ ಚಳಿ ಎಲ್ಲುಂಟು?” ಎಂದರು.

ಸೀಲು ಕೂರುವ ಜಾಗ ಸುಲಭದ್ದಾದರೆ ಈ ಆಟ ನಡೆದೀತು. ಆದರೆ ಮಾಮನ ಪ್ರೀತಿ ಕ್ರ್ಯಾಂಕ್‌ಶಾಫ್ಟಿನ ಹಿಂಬದಿಯ ಸೀಲಿನ ಮೇಲೆ. ಅದನ್ನು ಮುಟ್ಟಬೇಕಾದರೆ ಗೇರ್‌ಬಾಕ್ಸ್ ಇಳಿಸಬೇಕು, ಕ್ಲಚ್ ಬಿಚ್ಚಬೇಕು, ಫ್ಲೈವೀಲ್ ತೆಗೆಯಬೇಕು. ಸೀಲಿನ ಬೆಲೆ ನೂರರಲ್ಲಿ, ಮಜೂರಿ ಸಾವಿರಗಳಲ್ಲಿ. ಕಳೆದ ಸಲ ನಾಗದೇವಿಯ ಕಪ್ಪು ಸೀಲಿನ ತುಟಿ ಗಟ್ಟಿಯಾಗಿ, ಎಣ್ಣೆ ಮೆಲ್ಲಗೆ ಒಸರಿ ಕ್ಲಚ್ ಪ್ಲೇಟು ತಲುಪಿತು. ಖಂಡಾಲಾ ಘಾಟಿಯಲ್ಲಿ ಎಂಜಿನ್ ಕೂಗುತ್ತಿದೆ, ಕಾರು ಏರುತ್ತಿಲ್ಲ, ಒಳಗೆಲ್ಲ ಸುಟ್ಟ ವಾಸನೆ. ಹಿಂದಿನ ಸೀಟಿನಲ್ಲಿದ್ದ ಮಾಮಿ ಮಾತಾಡಲಿಲ್ಲವಂತೆ, ಮನೆ ಮುಟ್ಟಿದ ಮೇಲೂ ಮಾತಾಡಲಿಲ್ಲವಂತೆ.

ನಷ್ಟವಾಗಿರಬೇಕಲ್ಲ ಎಂದು ಕೇಳಿದವರಿಗೆ ಮಾಮ ನೋಟ್‌ಬುಕ್ ತೋರಿಸುತ್ತಾರೆ. ಜನ್ಮವಿಡೀ ಲೆಕ್ಕ ಬರೆದ ಕೈ. ‘ಸೀಲಿನಲ್ಲಿ ಉಳಿತಾಯ: ರೂ. 480’ ಎಂದು ಒಂದು ಕಾಲಮ್ಮಿನಲ್ಲಿ ಕೆಂಪು ಗೆರೆ ಎಳೆದು ಬರೆದಿದೆ. ಎರಡನೆಯ ಸಲದ ಮಜೂರಿ, ಹೊಸ ಕ್ಲಚ್ ಪ್ಲೇಟು, ಘಾಟಿಯಿಂದ ಎಳೆದು ತಂದ ಖರ್ಚು ಎಲ್ಲ ಬೇರೆಯೇ ಪುಟದಲ್ಲಿವೆ. ಆ ಪುಟದ ತಲೆಬರಹ ‘ಗ್ಯಾರೇಜಿನವನ ತಪ್ಪು’. ಎರಡು ಪುಟಗಳನ್ನು ಅವರು ಎಂದೂ ಕೂಡಿಸುವುದಿಲ್ಲ. ಗ್ಯಾರೇಜಿನ ಉಸ್ತಾದನಿಗೂ ಇದರಿಂದ ಬೇಸರವಿಲ್ಲ. “ಅಂಕಲ್ ಹೈ ತೋ ಹಮಾರಾ ಹಾಥ್ ಚಾಲೂ ರೆಹತಾ ಹೈ” ಎನ್ನುತ್ತಾ ಮೂವರು ಹುಡುಗರಿಗೆ ಗೇರ್‌ಬಾಕ್ಸ್ ಇಳಿಸುವ ವಿದ್ಯೆಯನ್ನು ಮಾಮನ ಕಾರಿನಲ್ಲೇ ಕಲಿಸಿದ್ದಾನೆ.

ಮಾಮನ ಸಾಮ್ರಾಜ್ಯ ಅಡುಗೆಮನೆಯ ಹೊಸ್ತಿಲಿಗೆ ನಿಲ್ಲುತ್ತದೆ. ಒಮ್ಮೆ ಮಾಟುಂಗಾ ಮಾರ್ಕೆಟ್ಟಿನಿಂದ ಕುಕ್ಕರಿಗೆ ಲೋಕಲ್ ಗ್ಯಾಸ್ಕೆಟ್ ತಂದಿದ್ದರು. ಅಂದು ಸೀಟಿ ಬರಲಿಲ್ಲ, ತೊಗರಿಬೇಳೆ ಬೇಯಲಿಲ್ಲ, ಬಂದ ನೆಂಟರು ಚಟ್ನಿಯಲ್ಲಿ ಉಂಡರು. ಮಾಮಿ ವಾದಕ್ಕೆ ಇಳಿಯುವವರಲ್ಲ. ಗ್ಯಾಸ್ಕೆಟ್ಟನ್ನು ಮಾಮನ ಟೂಲ್ ಬಾಕ್ಸಿನೊಳಗೆ ಹಾಕಿ, ಕುಕ್ಕರಿನ ಮುಚ್ಚಳವನ್ನು ಅವರ ಕೈಗೆ ಕೊಟ್ಟು, “ಕಂಪನಿಯದ್ದು. ಡಬ್ಬಿ ಸಮೇತ” ಎಂದರು. ಮಾಮ ಕ್ಯಾಲಿಪರ್ ತೆಗೆಯದೆ ಹೋಗಿ ತಂದರು, ಬಿಲ್ಲನ್ನೂ ತಂದರು.

ಈಚೆಗೆ ಮಗ ಎಲೆಕ್ಟ್ರಿಕ್ ಕಾರು ಕೊಂಡ. ಎಂಜಿನ್ ಇಲ್ಲ, ಎಂಜಿನ್ ಆಯಿಲ್ ಇಲ್ಲ, ಕೆಳಗೆ ಹಾಸಲು ರಟ್ಟೂ ಬೇಡ. ಬಾನೆಟ್ ತೆರೆದು ನೋಡಿದ ಮಾಮ ನಾಲ್ಕು ದಿನ ಯಾರೊಡನೆಯೂ ಬೆರೆಯಲಿಲ್ಲ. ಕರ್ನಾಟಕ ಸಂಘದ ಯಕ್ಷಗಾನಕ್ಕೂ ಬರಲಿಲ್ಲ. ಪಾಪ ಅನಿಸಿ ನಾನೇ ಹೇಳಿದೆ: ಮೋಟಾರಿನ ಹತ್ತಿರ ವೇಗ ಇಳಿಸುವ ಗೇರುಗಳ ಪೆಟ್ಟಿಗೆಯೊಂದು ಇರುತ್ತದೆ ಮಾಮ, ಅದರೊಳಗೆ ಎಣ್ಣೆ ಉಂಟು, ಚಕ್ರದ ಕಡೆಗೆ ಹೋಗುವ ಶಾಫ್ಟಿನಲ್ಲಿ ಸೀಲೂ ಉಂಟು. ಮೋಟಾರಿನ ಬದಿಯ ಸೀಲು ನಿಮಿಷಕ್ಕೆ ಹತ್ತು ಸಾವಿರ ಸುತ್ತಿಗೂ ಮೇಲಿನ ವೇಗ ತಾಳಬೇಕಂತೆ, ಅದಕ್ಕೆಂದೇ ಬೇರೆ ರಬ್ಬರು—

ಮಾತು ಮುಗಿಸಲು ಬಿಡಲಿಲ್ಲ. ಕೈ ಆಗಲೇ ಜೇಬಿಗೆ ಹೋಗಿತ್ತು.

“ಸೈಜು ಎಷ್ಟಂತೆ?”