ನೀತಿ ಸಂಹಿತೆ ಬಂದರೆ ನಮಗೆ ಹಬ್ಬ ಮಾರಾಯ್ರೆ!

(ಬೆಳ್ತಂಗಡಿ ತಾಲೂಕಿನ ಘಟ್ಟದ ಬುಡದಲ್ಲಿ ವಾಸವಿರುವ ಹಿರಿಯ ಗಂಡು ಕಡವೆಯೊಂದು ಬಹಳ ಒತ್ತಾಯದ ಮೇಲೆ ಸಂದರ್ಶನಕ್ಕೆ ಒಪ್ಪಿಕೊಂಡಿತು. ಷರತ್ತುಗಳು ಹೀಗಿದ್ದವು: ಸಮಯ ರಾತ್ರಿ ಹನ್ನೊಂದರ ನಂತರ. ಹೆಡ್‌ಲೈಟ್ ಕೂಡದು, ಮೊಬೈಲಿನ ಬೆಳಕೂ ಕೂಡದು. ಜೊತೆಯಲ್ಲಿ ನಾಯಿ ಇರಬಾರದು. ಗಾಳಿ ಯಾವ ಕಡೆಯಿಂದ ಬೀಸುತ್ತದೋ ಆ ಕಡೆ ನಾವು ಕೂರಬೇಕು, ಅದಕ್ಕೆ ನಮ್ಮ ವಾಸನೆ ತಪ್ಪದೆ ಸಿಗಬೇಕು. ಊರಿನ ಹೆಸರು ಬರೆಯಬಾರದು. ಕೊಂಬು ಉದುರಿದ ಸಮಯವಾದ್ದರಿಂದ ಫೋಟೋ ಬೇಡ.)

ನಾವು: ಇಷ್ಟು ಹೊತ್ತಿನಲ್ಲಿ ತೊಂದರೆ ಕೊಡುತ್ತಿದ್ದೇವೆ, ಕ್ಷಮಿಸಿ.

ಕಡವೆ: ತೊಂದರೆ ಎಂತದ್ದು? ನನಗೆ ಈಗ ಬೆಳಗಾದದ್ದು. ಹಗಲು ಬಂದಿದ್ದರೆ ನಾನು ಸಿಗುತ್ತಿರಲಿಲ್ಲ. ನಾವು ಮೊದಲಿನಿಂದಲೂ ಸ್ವಲ್ಪ ರಾತ್ರಿಯ ಜಾತಿಯೇ, ಸುಳ್ಳು ಹೇಳುವುದಿಲ್ಲ. ಆದರೆ ಮುಂಜಾನೆ, ಮುಸ್ಸಂಜೆ ಅಂತ ಎರಡು ಹೊತ್ತು ನಮ್ಮ ಲೆಕ್ಕದಲ್ಲಿತ್ತು. ಅದೂ ಕೈತಪ್ಪಿತು. ನಮ್ಮದು ಮಾತ್ರ ಅಲ್ಲ, ಪ್ರಪಂಚದ್ದೇ ಕಥೆ. 2018ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದಿತ್ತಲ್ಲ, ಆರು ಖಂಡಗಳ 62 ಜಾತಿಯ ಸಸ್ತನಿಗಳನ್ನು ನೋಡಿದರಂತೆ, ಮನುಷ್ಯ ಇರುವಲ್ಲೆಲ್ಲ ಪ್ರಾಣಿಗಳು ರಾತ್ರಿಪಾಳಿಗೆ ಹೋಗಿವೆ ಅಂತ. ಅದರಲ್ಲಿ ಇನ್ನೊಂದು ಮಾತುಂಟು: ಕೋವಿ ಹಿಡಿದು ಬಂದವನಿಗೂ ಬೆನ್ನಿಗೆ ಚೀಲ ಹಾಕಿ ಬಂದವನಿಗೂ ಪ್ರಾಣಿಗಳು ಹೆಚ್ಚು ವ್ಯತ್ಯಾಸ ಮಾಡುವುದಿಲ್ಲವಂತೆ. ಬಂಡಾಜೆ ಅರ್ಬಿ ಜಲಪಾತ ನೋಡಲಿಕ್ಕೆ ಆದಿತ್ಯವಾರ ಬರುವ ಚಾರಣಿಗರಿಗೆ ಇದನ್ನು ಹೇಳಿದರೆ ಬೇಸರ ಮಾಡಿಕೊಳ್ಳುತ್ತಾರೆ.

ನಾವು: ಆದರೆ ಬೇಟೆ ನಿಂತು ಐವತ್ತು ವರ್ಷ ದಾಟಿತಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. ನಿಮಗಾಗಿ 1987ರಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನವೂ ಆಯಿತು, 600 ಚದರ ಕಿಲೋಮೀಟರ್.

ಕಡವೆ: ನನಗಾಗಿ ಅಲ್ಲ, ಸಿಂಗಳೀಕನಿಗಾಗಿ. ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಸಿಂಗಳೀಕಗಳನ್ನು ಲೆಕ್ಕ ಹಾಕಿದ್ದರಿಂದ ಉದ್ಯಾನ ಆದದ್ದು, ನಾವೆಲ್ಲ ಅದರ ಉಪಕಾರದಲ್ಲಿ ಇದ್ದೇವೆ. ಇನ್ನು ಬೇಟೆ ನಿಂತ ವಿಷಯ. ಹೌದು, ನೀವು ಯಾರನ್ನು ಕೇಳಿದರೂ ನಿಂತಿದೆ. “ಅಜ್ಜನ ಕಾಲದಲ್ಲಿ ಇತ್ತು, ಈಗ ಎಲ್ಲಿ ಮಾರಾಯ್ರೆ” ಅಂತಾರೆ. ಅದೇ ಕಾರಂತರು ಮಧುಸೂದನ್ ಎಂಬವರ ಜೊತೆ ಸೇರಿ ಕುದುರೆಮುಖದ ಸುತ್ತ 49 ಮಂದಿ ಹಾಲಿ, ಮಾಜಿ ಶಿಕಾರಿಗಳನ್ನು ಕೂರಿಸಿ ಮಾತಾಡಿಸಿದರು. 2002ರಲ್ಲಿ ಅದು ಅಚ್ಚಾಯಿತು. ಹೊಡೆಯುತ್ತಿದ್ದದ್ದು 26 ಜಾತಿಯ ಪ್ರಾಣಿಗಳನ್ನು, ಹೆಚ್ಚಾಗಿ ಕೋವಿಯಲ್ಲಿ. ಲೆಕ್ಕ ಎಷ್ಟು ಗೊತ್ತುಂಟಾ? ಒಂದು ಹಳ್ಳಿಗೆ ತಿಂಗಳಿಗೆ 216 ಬೇಟೆಗಾರ-ದಿನ. ಉದ್ಯೋಗ ಖಾತರಿಯಲ್ಲಿ ಇಷ್ಟು ಮಾನವ ದಿನ ಸೃಷ್ಟಿ ಮಾಡಿದ ಪಂಚಾಯತ್ ಇದ್ದರೆ ಪಿಡಿಒಗೆ ಶಾಲು ಹೊದೆಸುತ್ತಿದ್ದರು. ಇಲ್ಲಿ ಕೂಲಿ ಇಲ್ಲ, ಜಾಬ್ ಕಾರ್ಡ್ ಇಲ್ಲ, ಆದರೂ ಹಾಜರಾತಿಗೆ ಕೊರತೆ ಇಲ್ಲ.

ನಾವು: ಅದು ಹಳೆಯ ಲೆಕ್ಕ. ಈಗ ಜನ ಬದಲಾಗಿದ್ದಾರೆ.

ಕಡವೆ: ಬದಲಾಗಿದ್ದಾರೆ. ಆಗ ನಾಯಿ ಬಿಟ್ಟು, ಕೂಗಿ ಎಬ್ಬಿಸಿ, ಗಂಡಿಯಲ್ಲಿ ಕೇಪಿನ ಕೋವಿ ಹಿಡಿದು ಕೂರುತ್ತಿದ್ದರು. ಗದ್ದಲ ಆಗುತ್ತಿತ್ತು, ನಮಗೂ ಗೊತ್ತಾಗುತ್ತಿತ್ತು. ಆಮೇಲೆ ಪಾಲು ಮಾಡುವಾಗ ಕೋವಿಗೊಂದು ಪಾಲು, ನಾಯಿಗೊಂದು ಪಾಲು. ಈಗ ಜೀಪು ಘಾಟಿಯ ತಿರುವಿನಲ್ಲಿ ನಿಲ್ಲುತ್ತದೆ, ಬೆಳಕು ಒಮ್ಮೆ ಹಾಯುತ್ತದೆ, ನಮ್ಮ ಕಣ್ಣು ಹೊಳೆದರೆ ಮುಗಿಯಿತು. ಅದಕ್ಕೇ ನಾನು ಬೆಳಕು ಕಂಡರೆ ಕಣ್ಣು ಮುಚ್ಚಿ ನಿಲ್ಲುವ ಅಭ್ಯಾಸ ಮಾಡಿಕೊಂಡೆ. ಮಕ್ಕಳಿಗೂ ಮೊದಲ ಪಾಠ ಅದೇ. ಎರಡನೆಯದು, ಹುಲಿ ಕಂಡರೆ ಕಾಲು ಅಪ್ಪಳಿಸಿ ‘ಢಾಂಕ್’ ಅಂತ ಕೂಗಬಹುದು, ಮನುಷ್ಯನನ್ನು ಕಂಡರೆ ಬಾಯಿ ಬಿಡಬಾರದು. ಹುಲಿಗೆ “ನಿನ್ನನ್ನು ನೋಡಿದ್ದೇನೆ” ಅಂತ ಹೇಳಿದರೆ ಮರ್ಯಾದೆಯಿಂದ ವಾಪಸು ಹೋಗುತ್ತದೆ. ಮನುಷ್ಯನಿಗೆ ಹೇಳಿದರೆ ವಿಳಾಸ ಕೊಟ್ಟ ಹಾಗೆ.

ನಾವು: ಕೋವಿಗಳೆಲ್ಲ ಬೆಳೆ ರಕ್ಷಣೆಗೆ ಕೊಟ್ಟ ಪರವಾನಗಿಯವು. ರೈತರ ಕಷ್ಟವನ್ನೂ ನೋಡಬೇಕಲ್ಲ. ಹಂದಿ, ಮಂಗ, ಈಗ ನೆರಿಯ, ಚಾರ್ಮಾಡಿ ಕಡೆ ಆನೆ ಕೂಡ. ನೀವೂ ಎಳೆ ರಬ್ಬರ್ ಗಿಡದ ತೊಗಟೆ ಸುಲಿಯುತ್ತೀರಂತೆ.

ಕಡವೆ: ಸುಲಿದಿದ್ದೇನೆ. ರುಚಿ ಏನೂ ಇಲ್ಲ, ಆದರೂ ಸುಲಿದಿದ್ದೇನೆ. ರಾತ್ರಿಯಿಡೀ ತೋಟದ ಕೊಟ್ಟಿಗೆಯಲ್ಲಿ ಡಬ್ಬ ಬಡಿಯುತ್ತಾ ಕೂರುವವನ ಮೇಲೆ ನನಗೆ ಸಿಟ್ಟಿಲ್ಲ. ಒಂದು ರಾತ್ರಿ ಹಂದಿ ಹಿಂಡು ನುಗ್ಗಿದರೆ ಅವನ ಬಾಳೆ, ಅಡಿಕೆ ಸಸಿ, ಗೆಣಸು ಎಲ್ಲ ಸಾಫ್. ಪರಿಹಾರಕ್ಕೆ ಅರ್ಜಿ ಹಾಕಿ, ಫೋಟೋ ಹಚ್ಚಿ, ಕಚೇರಿಗೆ ನಾಲ್ಕು ಸಲ ಹೋಗುವ ಖರ್ಚು ಪರಿಹಾರಕ್ಕಿಂತ ಜಾಸ್ತಿ. ಅವನು ಬೇಲಿಯ ಒಳಗೆ ನಿಂತು ಗಾಳಿಗೆ ಈಡು ಬಿಟ್ಟರೆ ನಾನು ಓಡುತ್ತೇನೆ, ಲೆಕ್ಕ ಚುಕ್ತಾ. ನನ್ನ ಪ್ರಶ್ನೆ ಬೇರೆ. ಅದೇ ಪರವಾನಗಿಯ ಕೋವಿ ಮೂರು ಗುಡ್ಡ ಹತ್ತಿ ಶೋಲೆಯ ಒಳಗೆ ಬರುತ್ತದಲ್ಲ, ಅಲ್ಲಿ ಯಾರ ಅಡಿಕೆ ತೋಟ ಉಂಟು? ಬೆಳೆ ಇಷ್ಟು ದೂರ ಬೆಳೆಯುತ್ತದೆ ಅಂತ ಕೃಷಿ ಇಲಾಖೆಗೆ ಗೊತ್ತಾದರೆ ಪ್ರಶಸ್ತಿ ಕೊಡಬಹುದು.

ನಾವು: ಹೊಡೆಯುವುದು ಹಂದಿಯನ್ನಂತೆ.

ಕಡವೆ: ಕತ್ತಲಲ್ಲಿ ಎಲ್ಲರೂ ಹಂದಿಯೇ. ಕಾಡುಕುರಿ ಹಂದಿ, ಬರಿಂಕ ಹಂದಿ, ಇನ್ನೂರು ಕಿಲೋ ತೂಗುವ ನಾನೂ ಹಂದಿ. ಕೆಲವು ಸಲ ಜೊತೆಗೆ ಬಂದ ಮನುಷ್ಯನೂ ಹಂದಿ ಆಗುವುದುಂಟು, ಪತ್ರಿಕೆಯಲ್ಲಿ ನೋಡುತ್ತೀರಲ್ಲ. ಗಡಿಯಾಚೆ ಕೇರಳದಲ್ಲಿ 2022ರಿಂದ ಹಂದಿ ಹೊಡೆಸುವ ಅಧಿಕಾರ ಪಂಚಾಯತ್ ಅಧ್ಯಕ್ಷರಿಗೇ ಬಂತು. ಕಾಸರಗೋಡಿನ ನಮ್ಮ ಬಂಧುಗಳು ಈಗ ಹಂದಿಯ ಜೊತೆ ನಿಲ್ಲಲಿಕ್ಕೂ ಹೆದರುತ್ತಾರೆ.

ನಾವು: ಹಂದಿಗಾದರೆ ಪಂಜುರ್ಲಿ ಎಂದು ಪೂಜೆಯೂ ಇದೆ.

ಕಡವೆ: ಅದೊಂದು ಹೊಟ್ಟೆಕಿಚ್ಚು ನನಗೆ ಉಂಟು. ಹುಲಿಗೆ ಪಿಲಿಚಾಮುಂಡಿ, ಹಂದಿಗೆ ಪಂಜುರ್ಲಿ, ಕೋಣಕ್ಕೆ ಮೈಸಂದಾಯ. ನನ್ನ ಹೆಸರಿನಲ್ಲಿ ಯಾರೂ ಕೋಲ ಕಟ್ಟಿದ್ದನ್ನು ನಾನು ನೋಡಿಲ್ಲ. ಹಾಗಂತ ಹಂದಿಯನ್ನು ಕೇಳಿದೆ, “ನಿನಗೆ ಏನಾದರೂ ರಿಯಾಯಿತಿ ಸಿಕ್ಕಿತಾ?” ಅಂತ. ‘ಕಾಂತಾರ’ ಬಂದ ಮೇಲೆ ಕೈ ಮುಗಿಯುವವರು ಜಾಸ್ತಿ ಆದರಂತೆ. ಕೈ ಮುಗಿಯುವಾಗ ಕೋವಿ ಹೆಗಲಿಗೆ ಹಾಕಿಕೊಳ್ಳುತ್ತಾರೆ, ಅಷ್ಟೇ ವ್ಯತ್ಯಾಸ. ಇನ್ನು ಕೆಡ್ಡಸ. ಪೊನ್ನಿ ತಿಂಗಳ ಕೊನೆಗೆ, ಫೆಬ್ರವರಿ ಎರಡನೇ ವಾರದ ಹೊತ್ತಿಗೆ, ಭೂಮಿತಾಯಿ ಮೈನೆರೆದಳು ಅಂತ ಮೂರು ದಿನ ಮಣ್ಣು ಅಗೆಯಬಾರದು, ಉಳಬಾರದು. ಒಳ್ಳೆಯ ಆಚಾರ, ನನಗೆ ತುಂಬಾ ಗೌರವ. ಆದರೆ ಕೆಲಸ ಇಲ್ಲದೆ ಖಾಲಿ ಕೂತ ಗಂಡಸರು ಎಂತ ಮಾಡಬೇಕು? ಬೋಂಟೆಗೆ, ಅಂದರೆ ಬೇಟೆಗೆ ಹೊರಡಬೇಕು! ಭೂಮಿಗೆ ಮೂರು ದಿನ ರಜೆ ಕೊಡಲಿಕ್ಕೆ ನಮಗೆ ಮೂರು ದಿನ ಓವರ್‌ಟೈಮ್.

ನಾವು: ಕಾಡು ಬಿಟ್ಟು ಬೇರೆ ಕಡೆ ಹೋಗುವ ಯೋಚನೆ ಮಾಡಲಿಲ್ಲವೇ? ಮೂಡುಬಿದಿರೆ ಹತ್ತಿರವೇ ಇದೆ. ಜೈನಕಾಶಿ, ಅಹಿಂಸೆಯ ಊರು.

ಕಡವೆ: ಹೋಗುವ ಅಂತ ಆಸೆ ಇತ್ತು. 1430ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿ, ಅಷ್ಟು ಕಂಬದ ಹಿಂದೆ ಒಂದು ಕಡವೆ ಅಡಗಲಿಕ್ಕೆ ಕಷ್ಟ ಇಲ್ಲ. ವೇಣೂರಿನ ತನಕ ಹೇಗೋ ಹೋದೆ. ಅಲ್ಲಿ 1604ರಿಂದ ನಿಂತ ಬಾಹುಬಲಿ ಸ್ವಾಮಿ ಒಬ್ಬರೇ ನನ್ನನ್ನು ನೋಡಿಯೂ ಏನೂ ಮಾಡದೆ ನಿಂತವರು. ಮುಂದೆ ಕಾಡಿಲ್ಲ, ರಬ್ಬರ್. ರಬ್ಬರ್ ಮುಗಿದರೆ ಕೆಂಪುಕಲ್ಲಿನ ಕೋರೆ, ಕೋರೆ ಮುಗಿದರೆ ಹೈವೇ. ವಾಪಸು ಬಂದೆ. ಬಂಟ್ವಾಳದ ಕಡೆ ಕಾರಿಂಜದ ಗುಡ್ಡ ಒಳ್ಳೆಯದಿತ್ತು, ಆದರೆ ಅಲ್ಲಿ ಮಂಗಗಳದ್ದೇ ಕಾರುಬಾರು.

ಆಸ್ಟ್ರೇಲಿಯಾಕ್ಕೆ ಹೋದ ಬಂಧುಗಳೂ ಇದ್ದಾರೆ ಗೊತ್ತುಂಟಾ? ನಿಮ್ಮವರು ಗಲ್ಫಿಗೆ ಹೋಗುವ ನೂರು ವರ್ಷ ಮೊದಲೇ, 1860ರ ದಶಕದಲ್ಲಿ, ನಮ್ಮ ಜಾತಿಯವರನ್ನು ಬ್ರಿಟಿಷರು ಹಡಗು ಹತ್ತಿಸಿ ವಿಕ್ಟೋರಿಯಾಕ್ಕೆ ಒಯ್ದರು. ಏಕೆ ಅಂತೀರಿ? ಶಿಕಾರಿಗೆ. ಅಲ್ಲಿ ಈಗ ಕಡವೆ ವಿಪರೀತ ಆಗಿ, ಕಾಡು ಹಾಳು ಮಾಡುವ ಉಪದ್ರವ ಅಂತ ವರ್ಷವಿಡೀ ಹೊಡೆಯಬಹುದು. ಇಲ್ಲಿ ನಾನು ಅಳಿವಿನ ಅಪಾಯದವನು, 2008ರಿಂದ ಐಯುಸಿಎನ್ ಪಟ್ಟಿಯಲ್ಲಿ ಹೆಸರುಂಟು. ಅಲ್ಲಿ ನನ್ನ ಮರಿಮಗ ಪಿಡುಗು. ಎರಡೂ ಕಡೆ ಫಲಿತಾಂಶ ಒಂದೇ. ಅಮೆರಿಕದಲ್ಲಿ ಕತ್ತೆ ಕಿವಿಯ ಜಿಂಕೆ ಅಂತ ಒಂದು ಜಾತಿ ಉಂಟಂತೆ, ಅವರದು ಸುಖ. ಹೊಡೆಯುವವನು ಮೊದಲು ಅರ್ಜಿ ಹಾಕಬೇಕು, ಚೀಟಿ ಎತ್ತುವಾಗ ಹೆಸರು ಬರಬೇಕು, ಅದಕ್ಕೆ ದುಡ್ಡು ಕಟ್ಟಬೇಕು, ಸೀಸನ್ ಮುಗಿದರೆ ಮನೆಗೆ ಹೋಗಬೇಕು. ಸರಕಾರಿ ಜಾಗದಲ್ಲಿ ಬೇಟೆಯವರು ಜಾಸ್ತಿ ಆಗಿ ಜಿಂಕೆ ಹೆದರಿ ಓಡುತ್ತದೆ ಅಂತ ಬೇಟೆಯವರೇ ಅಳುತ್ತಾರಂತೆ! ನಮ್ಮಲ್ಲಿ ಸೀಸನ್ ಇಲ್ಲ, ಚೀಟಿ ಇಲ್ಲ. ಮದುವೆಯ ಮುನ್ನಾದಿನ “ರಾತ್ರಿ ಬನ್ನಿ, ವಿಶೇಷ ಉಂಟು” ಅಂತ ಕಿವಿಯಲ್ಲಿ ಹೇಳಿದರೆ ಅದೇ ನೋಟಿಫಿಕೇಶನ್.

ನಾವು: ಸರಕಾರಿ ಜಾಗ ಎಂದಿರಿ. ನೀವು ಈಗ ನಿಂತಿರುವುದು ಯಾರ ಜಾಗ?

ಕಡವೆ: ಒಳ್ಳೆಯ ಪ್ರಶ್ನೆ. ತೋಟದವರು ಕುಮ್ಕಿ ಅಂತಾರೆ. ವರ್ಗ ಜಾಗದ ಅಂಚಿನಿಂದ ನೂರು ಗಜದ ವರೆಗೆ ಸೊಪ್ಪು, ಸೌದೆಗೆ ಹಕ್ಕು. ಕಂದಾಯದವರು ಸರಕಾರಿ ಅಂತಾರೆ. ಅರಣ್ಯದವರು ಡೀಮ್ಡ್ ಫಾರೆಸ್ಟ್ ಅನ್ನುತ್ತಿದ್ದರು. 2022ರಲ್ಲಿ ರಾಜ್ಯದ ಡೀಮ್ಡ್ ಫಾರೆಸ್ಟನ್ನು ಹತ್ತಿರ ಹತ್ತಿರ ಹತ್ತು ಲಕ್ಷ ಹೆಕ್ಟೇರಿನಿಂದ ಮೂರು ಲಕ್ಷ ಚಿಲ್ಲರೆಗೆ ಇಳಿಸಿದರಲ್ಲ, ಆ ಹೊತ್ತಿಗೆ ನಾನು ಮೇಯುತ್ತಾ ನಿಂತಿದ್ದೆ. ತಲೆ ಎತ್ತುವಾಗ ನಾನು ಕಾಡಿನಲ್ಲಿ ಇರಲಿಲ್ಲ, ಕಂದಾಯದಲ್ಲಿದ್ದೆ. ಕಾಲು ಮಾತ್ರ ಅಲ್ಲೇ ಇತ್ತು. ಈ ಗಡಿ ತಕರಾರು ಹೊಸದಲ್ಲ ಬಿಡಿ, ಕೋಟಿ ಚೆನ್ನಯರ ಕಾಲದಲ್ಲಿ ಪಂಜಕ್ಕೂ ಎಣ್ಮೂರಿಗೂ ಒಂದು ಹಂದಿಗಾಗಿ ಕಾಳಗವೇ ಆಯಿತು. ಹಂದಿಯ ಅಭಿಪ್ರಾಯವನ್ನು ಆಗಲೂ ಯಾರೂ ಕೇಳಲಿಲ್ಲ.

ನಾವು: ನಿಮ್ಮ ಕೊಂಬುಗಳ ಬಗ್ಗೆ?

ಕಡವೆ: ವರ್ಷ ವರ್ಷ ಉದುರುತ್ತದೆ, ಮತ್ತೆ ಬರುತ್ತದೆ. ತಲೆಯ ಸಮೇತ ಉದುರಿದ್ದನ್ನು ನೋಡಬೇಕಾದರೆ ಗುತ್ತಿನ ಮನೆಯ ಚಾವಡಿಗೆ ಹೋಗಬೇಕು. ಅದರ ಮೇಲೆ ಟೊಪ್ಪಿ, ಕೊಡೆ, ಹಳೇ ಟಾರ್ಚು ನೇತುಹಾಕಿರುತ್ತಾರೆ. 2023ರ ಅಕ್ಟೋಬರಿನಲ್ಲಿ ಹುಲಿಯುಗುರಿನ ಗಲಾಟೆ ಎದ್ದಾಗ ಎಷ್ಟೋ ಗೋಡೆಗಳಲ್ಲಿ ಬರೀ ಮೊಳೆ ಉಳಿಯಿತು. ಮುಂದಿನ ಜನವರಿಯಲ್ಲಿ ಸರಕಾರ ಇಂಥದ್ದನ್ನೆಲ್ಲ ಒಪ್ಪಿಸಲಿಕ್ಕೆ ಮೂರು ತಿಂಗಳ ಗಡುವು ಕೊಟ್ಟಿತು. ನಿಮ್ಮ ಮನೆಯಲ್ಲಿ ಉಂಟಾ?

ನಾವು: ಅದು... ಅಜ್ಜನ ಕಾಲದ್ದು.

ಕಡವೆ: ಎಲ್ಲರದ್ದೂ ಅಜ್ಜನ ಕಾಲದ್ದೇ. ನಿಮ್ಮ ಜಿಲ್ಲೆಯ ಅಜ್ಜಂದಿರು ನಮಗೆ ದೊಡ್ಡ ಉಪಕಾರ ಮಾಡಿದ್ದಾರೆ, ಮೊಮ್ಮಕ್ಕಳು ಮಾಡಿದ್ದನ್ನೆಲ್ಲ ಹೊತ್ತುಕೊಂಡು ಹೋದರು.

ನಾವು: ನೆಮ್ಮದಿಯ ಕಾಲವೆಂಬುದೇ ಇಲ್ಲವೇ ನಿಮಗೆ?

ಕಡವೆ: ಉಂಟು, ಉಂಟು. ಚುನಾವಣೆ! ಚುನಾವಣೆ ಘೋಷಣೆ ಆಯಿತು, ನೀತಿ ಸಂಹಿತೆ ಬಂತು ಅಂದರೆ ಕೋವಿಗಳೆಲ್ಲ ಠಾಣೆಯಲ್ಲಿ ಠೇವಣಿ. 2023ರ ಮೇ, 2024ರ ಏಪ್ರಿಲ್, ಎರಡು ವರ್ಷ ಸಾಲಾಗಿ ನಮಗೆ ಹಬ್ಬ. ನನ್ನ ಹೆಂಡತಿ ಹಗಲು ಹೊತ್ತು ತೋಡಿಗೆ ಇಳಿದು ಮೈ ನೆನೆಸಿಕೊಂಡು ಬಂದಳು, ಮದುವೆಯಾದ ಮೇಲೆ ಮೊದಲ ಸಲ. ರೈತರಿಗೆ ಅದರಿಂದ ತೊಂದರೆ, ವಿನಾಯಿತಿ ಬೇಕು ಅಂತ ಕೋರ್ಟಿಗೂ ಹೋಗುತ್ತಾರೆ, ಅದು ಅವರ ನ್ಯಾಯ. ನಮ್ಮ ನ್ಯಾಯ ಬೇರೆ. ಅದಕ್ಕೇ ‘ಒಂದು ದೇಶ ಒಂದು ಚುನಾವಣೆ’ಗೆ ಚಾರ್ಮಾಡಿಯಿಂದ ಶಿರ್ಲಾಲು ತನಕ ಸಮಸ್ತ ಕಡವೆಗಳ ವಿರೋಧ ಉಂಟು ಅಂತ ದಪ್ಪ ಅಕ್ಷರದಲ್ಲಿ ಹಾಕಿ. ಐದು ವರ್ಷಕ್ಕೆ ಒಂದೇ ಸಲ ಅಂದರೆ ನಾವು ಬದುಕುವುದು ಹೇಗೆ? ಜಿಲ್ಲಾ ಪಂಚಾಯತ್, ತಾಲೂಕು ಪಂಚಾಯತ್ ಅವಧಿ 2021ರಲ್ಲಿ ಮುಗಿದದ್ದು, ವರ್ಷಗಟ್ಟಲೆ ಚುನಾವಣೆಯೇ ಮಾಡಲಿಲ್ಲ. ಪ್ರಜಾಪ್ರಭುತ್ವದ ಕಗ್ಗೊಲೆ ಅಂತ ನೀವು ಭಾಷಣದಲ್ಲಿ ಹೇಳುತ್ತೀರಿ. ನಮ್ಮಲ್ಲಿ ಅದು ಲೆಕ್ಕಕ್ಕೆ ಸಿಗುವ ಕೊಲೆ.

ನಾವು: ಅಂದರೆ ಆ ದಿನಗಳಲ್ಲಿ ಪೂರ್ತಿ ನಿರ್ಭಯ?

ಕಡವೆ: ಪೂರ್ತಿ ಅಂತ ಹೇಗೆ ಹೇಳುವುದು? ಠಾಣೆಗೆ ಹೋಗುವುದು ಪರವಾನಗಿ ಇರುವ ಕೋವಿ. ಪರವಾನಗಿ ಇಲ್ಲದ ಕಳ್ಳಕೋವಿಗೆ ನೀತಿ ಸಂಹಿತೆ ಯಾರು ಓದಿ ಹೇಳಬೇಕು? ಅದು ಅಟ್ಟದಲ್ಲೇ ಇರುತ್ತದೆ. ಮತ್ತೆ ಉರುಳು. ಬೈಕಿನ ಕ್ಲಚ್ ವಯರಿಗೆ ಪರವಾನಗಿ ಬೇಡ, ಈಡಿನ ಸದ್ದೂ ಇಲ್ಲ. ಹಂದಿಗೆ ಇಟ್ಟದ್ದಕ್ಕೆ ಚಿರತೆ ಬೀಳುತ್ತದೆ, ಆಗ ಅರಣ್ಯದವರು, ಪಶುವೈದ್ಯರು, ಬಲೆ, ಅರಿವಳಿಕೆ, ಟಿವಿ. ನಾವು ಬಿದ್ದರೆ ಟಿವಿ ಬರುವುದಿಲ್ಲ, ಬಾಣಲೆ ಬರುತ್ತದೆ.

ನಾವು: ನಿಮಗೆ ಮತದಾನದ ಹಕ್ಕು ಸಿಕ್ಕರೆ ಯಾರಿಗೆ ಹಾಕುತ್ತೀರಿ?

ಕಡವೆ: ಪಕ್ಷ ಯಾವುದೂ ಆಗಬಹುದು, ಕೋವಿ ಠೇವಣಿಯ ಆದೇಶ ಹೊರಡಿಸುವ ಜಿಲ್ಲಾಧಿಕಾರಿ ಇದ್ದರೆ ಸಾಕು. ಆದರೆ ಮತದಾನ ಬೆಳಿಗ್ಗೆ ಏಳರಿಂದ ಸಂಜೆ ಆರು ಅಲ್ವಾ? ಅದು ಆಗಲಿಕ್ಕಿಲ್ಲ. ರಾತ್ರಿ ಹನ್ನೊಂದರಿಂದ ನಾಲ್ಕರ ತನಕ ಒಂದು ಮತಗಟ್ಟೆ ತೆರೆದರೆ ಹೇಳಿ ಕಳಿಸಿ. ಬಲ್ಬು ಹಾಕುವುದು ಬೇಡ.