ಪಟ್ಟಿರಾಯರು

ಭಾನುವಾರ ಬೆಳಗಿನ ಜಾವ ಕನಕಪುರ ರಸ್ತೆಯಲ್ಲಿ ಹಾರೋಹಳ್ಳಿ ತನಕ ಬಂದು ನಮ್ಮ ಮರಳವಾಡಿ ಕಡೆ ತಿರುಗುವ ಕಾರುಗಳಲ್ಲಿ ಮೂರು ಬಗೆ. ಸೈಟು ನೋಡುವವರದು, ಹರಕೆ ತೀರಿಸುವವರದು, ಪಟ್ಟಿರಾಯರದು. ಸೈಟಿನವರ ಕಾರು ಕಲ್ಲುಕಂಬದ ಬೇಲಿ ಕಂಡಲ್ಲಿ ನಿಲ್ಲುತ್ತದೆ. ಹರಕೆಯವರದು ಕೋಳಿ ಸಮೇತ ಮಾರಮ್ಮನ ಗುಡಿಯ ಮುಂದೆ. ಪಟ್ಟಿರಾಯರ ಕಾರು ಎಲ್ಲಿ ಬೇಕಾದರೂ ನಿಂತೀತು: ತಿರುವಿನಲ್ಲಿ, ಮೋರಿಯ ಮೇಲೆ, ಹಿಂದೆ ಹಾಲಿನ ವ್ಯಾನು ಹಾರನ್ ಬಡಿಯುತ್ತಿರುವಾಗ. ಕಿಟಕಿಯಿಂದ ಮೊದಲು ಬೈನಾಕ್ಯುಲರ್ ಹೊರಬರುತ್ತದೆ, ಆಮೇಲೆ ಟೋಪಿ, ಕೊನೆಗೆ ರಾಯರು.

ಈ ರಾಯರು ಒಬ್ಬರಲ್ಲ. ನಮ್ಮ ಜಗಲಿಯಲ್ಲಿ ಕೂತು ಉಪ್ಪಿಟ್ಟು ತಿಂದು ಹೋದ ಹಲವು ಹಕ್ಕಿಪ್ರಿಯರನ್ನು ಸೇರಿಸಿ ತಿರುವಿ ನಾನು ಕಟ್ಟಿದ ಮುದ್ದೆ, ಹೆಸರೂ ನನ್ನದೇ. ಆದರೂ ಬನಶಂಕರಿಯಲ್ಲಿ ಎರಡು ದಿನ ಇದ್ದವರು ಅವರನ್ನು ನೋಡಿಯೇ ಇರುತ್ತೀರಿ. ಬ್ಯಾಂಕಿನ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದು ನಿವೃತ್ತರಾದವರು. ನಿವೃತ್ತಿಯಾದ ಮೇಲೂ ಲೆಕ್ಕ ತಪಾಸಣೆಯ ಚಟ ಉಳಿಯಿತು, ಲೆಕ್ಕ ಮಾತ್ರ ಉಳಿಯಲಿಲ್ಲ. ಆರು ತಿಂಗಳು ಮನೆಯ ದಿನಸಿ ಚೀಟಿಯನ್ನು ಆಡಿಟ್ ಮಾಡಿದರು. ಮಗಳು ತಾಯಿಯ ಕಷ್ಟ ನೋಡಲಾರದೆ ಅಪ್ಪನಿಗೆ ಒಂದು ಬೈನಾಕ್ಯುಲರ್ ತಂದುಕೊಟ್ಟಳು.

ಪಟ್ಟಿ ಎಂದರೆ ವರ್ಷದ ಪಟ್ಟಿ. ಜನವರಿ 1ರಿಂದ ಡಿಸೆಂಬರ್ 31ರೊಳಗೆ ಎಷ್ಟು ಜಾತಿಯ ಹಕ್ಕಿ ಕಂಡಿರಿ ಎಂಬ ಲೆಕ್ಕ. ಇದಕ್ಕಾಗಿ ಮನೆ ಮಠ ಬಿಟ್ಟವರು ಪ್ರಪಂಚದಲ್ಲಿದ್ದಾರೆ. ಅಮೆರಿಕದ ನೋವಾ ಸ್ಟ್ರೈಕರ್ 2015ರಲ್ಲಿ ದೇಶ ದೇಶ ಸುತ್ತಿ ಒಂದೇ ವರ್ಷದಲ್ಲಿ 6,042 ಜಾತಿ ನೋಡಿ ದಾಖಲೆ ಮಾಡಿದರು. ಮರುವರ್ಷವೇ ನೆದರ್ಲೆಂಡ್ಸಿನವರೊಬ್ಬರು ಅದನ್ನು ಮುರಿದರು. ನಮ್ಮ ರಾಯರಿಗೆ ಅಷ್ಟು ದುರಾಸೆಯಿಲ್ಲ. ಅವರ ಗುರಿ 200, ಅದೂ ಒಂದೇ ಜಿಲ್ಲೆಯೊಳಗೆ.

ಯಾವ ಜಿಲ್ಲೆ ಎಂಬುದೇ ತಕರಾರು. ಸಾವನದುರ್ಗದ ಬಂಡೆಯ ಮೇಲೆ ಒಂದು ಹದ್ದು ಕೂತಿದೆಯೆನ್ನಿ. 1986ಕ್ಕೆ ಮುಂಚೆ ಅದು ಬೆಂಗಳೂರು ಜಿಲ್ಲೆಯ ಹದ್ದು. ಆ ವರ್ಷ ಬೆಂಗಳೂರು ಗ್ರಾಮಾಂತರದ್ದಾಯಿತು. 2007ರಲ್ಲಿ ರಾಮನಗರ ಜಿಲ್ಲೆಗೆ ಬಂತು. 2025ರಲ್ಲಿ ಬೆಂಗಳೂರು ದಕ್ಷಿಣದ ಪಾಲಾಯಿತು. ಹದ್ದಿನ ವಂಶ ಬಂಡೆ ಬಿಟ್ಟು ಕದಲಿಲ್ಲ. ಹೆಸರು ಬದಲಾದಾಗ ಚನ್ನಪಟ್ಟಣ, ಮಾಗಡಿಯವರೆಲ್ಲ ಸೈಟಿನ ರೇಟು ಎಷ್ಟು ಏರೀತೆಂದು ಬೆರಳು ಮಡಿಸುತ್ತಿದ್ದರೆ, ರಾಯರು ನನಗೆ ಫೋನ್ ಮಾಡಿದರು.

“ಬೆಂಗಳೂರು ದಕ್ಷಿಣ ಅಂದಮೇಲೆ ಜಯನಗರದ ಹಕ್ಕಿಗಳನ್ನೂ ಇದಕ್ಕೇ ಸೇರಿಸಬಹುದೇನ್ರೀ?”

“ಅದು ಲೋಕಸಭಾ ಕ್ಷೇತ್ರ ರಾಯರೇ. ಇದು ಜಿಲ್ಲೆ.”

“ಛೆ” ಎಂದು ಫೋನ್ ಇಟ್ಟರು. ಅಷ್ಟು ದುಃಖ ಯಾವ ಚುನಾವಣೆಯ ಫಲಿತಾಂಶದಿಂದಲೂ ಅವರಿಗೆ ಆದಂತಿಲ್ಲ.

ಜನವರಿ ಒಂದನೇ ತಾರೀಕು ನೀವು ಅವರನ್ನು ನೋಡಬೇಕು. ಹಿಂದಿನ ರಾತ್ರಿ ಹನ್ನೆರಡಕ್ಕೆ ಖಾತೆ ಸೊನ್ನೆಯಾಗಿರುತ್ತದೆ, ಅಂದರೆ ಬೆಳಗಾದರೆ ಕಾಗೆಗೂ ಬೆಲೆ. ನಮ್ಮ ತೆಂಗಿನ ಮರದಲ್ಲಿ ಕಾಗೆ ಕಾ ಎನ್ನುತ್ತಲೂ ರಾಯರು “ಕಾಗೆ!” ಎಂದು ಕೂಗಿದ ಸಂಭ್ರಮ ಮಗಳ ಮದುವೆಯಲ್ಲೂ ಅವರ ದನಿಯಲ್ಲಿರಲಿಲ್ಲವಂತೆ, ಅವರ ಮನೆಯವರೇ ಹೇಳಿದ್ದು. ಎರಡನೇ ತಾರೀಕು ಅದೇ ಕಾಗೆ ಬಂದು ಅವರ ತಟ್ಟೆಯಿಂದ ಉಪ್ಪಿಟ್ಟು ಕಚ್ಚಿಕೊಂಡು ಹೋದರೂ ತಲೆ ಎತ್ತಿ ನೋಡಲಿಲ್ಲ. ಗೊರವಂಕ, ಪಿಕಳಾರ, ಟಿಟ್ಟಿಭ, ಬೆಳ್ಳಕ್ಕಿ ಇವಕ್ಕೆಲ್ಲ ವರ್ಷಕ್ಕೆ ಒಂದೇ ದಿನದ ಮರ್ಯಾದೆ. ಫೆಬ್ರವರಿಯಲ್ಲಿ ಜಗತ್ತಿನ ಹಕ್ಕಿ ನೋಡುವವರೆಲ್ಲ ಸೇರಿ ನಾಲ್ಕು ದಿನ ನಡೆಸುವ ಎಣಿಕೆಯೊಂದಿದೆ. ಅದರಲ್ಲಿ ಕಂಡದ್ದನ್ನೆಲ್ಲ ಬರೆಯಬೇಕು, ಕಾಗೆಯನ್ನೂ ಎಣಿಸಬೇಕು. ಆ ನಾಲ್ಕು ದಿನ ಬಿಟ್ಟರೆ ರಾಯರ ಬಾಯಲ್ಲಿ ಒಂದೇ ಮಾತು: “ಆಗಿದೆ.” ರಾಜ್ಯಪಕ್ಷಿ ನೀಲಕಂಠ ಕರೆಂಟಿನ ತಂತಿ ಬಿಟ್ಟು ರಾಗಿಹೊಲದ ಮೇಲೆ ರೆಕ್ಕೆ ಬಿಚ್ಚಿದಾಗ ಆ ನೀಲಿಗೆ ನಾನು ಬಾಯಿ ತೆರೆದು ನಿಂತಿದ್ದೆ. ರಾಯರು “ಆಗಿದೆ” ಎಂದು ಕಾರು ಸ್ಟಾರ್ಟ್ ಮಾಡಿದರು. ಮಾರ್ಚ್ ಹೊತ್ತಿಗೆ ನವಿಲು ಕೂಡ ಆಗಿಹೋಗಿರುತ್ತದೆ.

ಸಂಖ್ಯೆ ಏರಬೇಕಾದರೆ ನೀರಿನ ಹಕ್ಕಿ ಬೇಕು. ಕಣ್ವ, ಮಂಚನಬೆಲೆ ಜಲಾಶಯಗಳಿಗೆ ಹೋಗುತ್ತಾರೆ. ಅಲ್ಲೆಲ್ಲ ನೋಟವೂ ಚೆಂದ. ಆದರೆ ಅವರಿಗೆ ಪ್ರಾಣ ಬಿಡದಿ ಪಕ್ಕದ ಬೈರಮಂಗಲ ಕೆರೆ. ಬೆಂಗಳೂರಿನ ಕೊಳಚೆ ಹೊತ್ತ ವೃಷಭಾವತಿ ಬಂದು ಸೇರುವುದು ಆ ಕೆರೆಗೆ. ನೊರೆ ಏಳುತ್ತದೆ, ನಾತಕ್ಕೆ ಸುತ್ತಿನ ಊರುಗಳವರು ಬೇಸತ್ತಿದ್ದಾರೆ. ಮೆಟ್ಟುಗಾಲು ಹಕ್ಕಿಗಳಿಗೆ ಮಾತ್ರ ಕೆಸರಿನಲ್ಲಿ ಹುಳ ಧಾರಾಳ. ರಾಯರು ಒಂದು ಕೈಯಲ್ಲಿ ಮೂಗು, ಇನ್ನೊಂದರಲ್ಲಿ ಬೈನಾಕ್ಯುಲರ್ ಹಿಡಿದು ದಡದಲ್ಲಿ ನಿಲ್ಲುತ್ತಾರೆ. ಬನಶಂಕರಿಯಲ್ಲಿ ತಾವು ಬೆಳಗ್ಗೆ ಹರಿಯಬಿಟ್ಟದ್ದನ್ನೇ ಹಿಂಬಾಲಿಸಿ ಪೆಟ್ರೋಲ್ ಸುಟ್ಟು ಬಂದಿರುವುದು ಅವರಿಗೆ ಹೊಳೆದಂತಿಲ್ಲ. ನಾನೂ ಹೇಳಿಲ್ಲ, ವಾಪಸು ಬರುವಾಗ ತಟ್ಟೆ ಇಡ್ಲಿ ಕೊಡಿಸುವವರು ಅವರೇ.

ರಾಮದೇವರ ಬೆಟ್ಟದಲ್ಲಿ ಅವರು ಬೇರೆ ಮನುಷ್ಯ. ಅದು ರಣಹದ್ದುಗಳಿಗಾಗಿಯೇ 2012ರಲ್ಲಿ ಘೋಷಿಸಿದ ಧಾಮ, ದೇಶದಲ್ಲೇ ಮೊದಲನೆಯದು. ಉದ್ದಕೊಕ್ಕಿನ ರಣಹದ್ದು ಅಲ್ಲಿ ಈಗ ಬೆರಳೆಣಿಕೆಯಷ್ಟು. ದನಗಳಿಗೆ ನೋವಿಗೆ ಕೊಡುತ್ತಿದ್ದ ಡೈಕ್ಲೋಫಿನ್ಯಾಕ್ ಔಷಧಿ ಸತ್ತ ದನದ ಮಾಂಸದಲ್ಲಿ ಉಳಿದು, ತಿಂದ ಹದ್ದುಗಳ ಮೂತ್ರಪಿಂಡ ಕೆಡಿಸಿ, ದೇಶದ ತುಂಬ ಇದ್ದ ರಣಹದ್ದುಗಳನ್ನು ಬಳಿದುಹಾಕಿತು. ಪಶುವೈದ್ಯದಲ್ಲಿ ಅದನ್ನು 2006ರಲ್ಲಿ ನಿಷೇಧಿಸುವ ಹೊತ್ತಿಗೆ ಬಹುಪಾಲು ಮುಗಿದಿತ್ತು. ರಾಯರು ಇದನ್ನೆಲ್ಲ ತಗ್ಗಿದ ದನಿಯಲ್ಲಿ ಹೇಳುತ್ತಾರೆ. ಕಳೆದ ವಾರ ನೋಡಿದ್ದರೂ “ಆಗಿದೆ” ಎನ್ನದೆ ಬಂಡೆಯ ಬಿಳಿ ಹಿಕ್ಕೆಯ ಗುರುತನ್ನೇ ನೋಡುತ್ತ ನಿಲ್ಲುತ್ತಾರೆ. ಹೀಗೆ ಒಮ್ಮೆ ನನಗೆ ಅವರ ಬಗ್ಗೆ ಗೌರವ ಮೂಡುತ್ತಿದ್ದಾಗಲೇ ಒಬ್ಬ ಹುಡುಗ ಬಂದು, “ಸಾರ್, ಶೋಲೆ ಪಿಚ್ಚರಲ್ಲಿ ಗಬ್ಬರ್ ಸಿಂಗ್ ಓಡಾಡ್ತಾನಲ್ಲ, ಆ ಬಂಡೆ ಯಾವುದು?” ಎಂದ.

ರಾಯರು ಬೆರಳು ತೋರಿಸಿದರು. “ಅಲ್ಲಿ ಹಳದಿ ಕೊರಳಿನ ಪಿಕಳಾರ ಕೂತಿದೆ ನೋಡಿ, ಅದರ ಎಡಗಡೆ.”

ಹುಡುಗ ಪಿಕಳಾರವನ್ನೂ ನೋಡಲಿಲ್ಲ, ಬಂಡೆಯನ್ನೂ ನೋಡಲಿಲ್ಲ, ರಾಯರನ್ನು ನೋಡಿಕೊಂಡು ಹೋದ.

ಸೆಪ್ಟೆಂಬರ್ ಕಳೆದರೆ ಉತ್ತರದಿಂದ ವಲಸೆ ಹಕ್ಕಿಗಳು ಇಳಿಯುತ್ತವೆ. ರಾಯರ ಕುತ್ತಿಗೆ ನೋವೂ ಆಗಲೇ ಶುರು. ಎಲೆಯ ಮರೆಯಲ್ಲಿ ಎಲೆಯ ಬಣ್ಣದ್ದೇ ಉಲಿಯಕ್ಕಿಗಳು. ಒಂದಕ್ಕೊಂದು ವ್ಯತ್ಯಾಸ ರೆಕ್ಕೆಯ ಮೇಲಿನ ಒಂದು ಸಣ್ಣ ಗೆರೆ, ಇಲ್ಲವೇ ಕೂಗಿನಲ್ಲಿ ಒಂದು ಸ್ವರ. ನಮ್ಮ ಹಿಪ್ಪುನೇರಳೆ ತೋಟದ ಬದುವಿನಲ್ಲಿ ಹುಣಸೆಮರದ ಕೆಳಗೆ ಮುಖ ಮೇಲೆತ್ತಿ ನಿಂತ ಅವರನ್ನು ಕಂಡು ದಾರಿಯಲ್ಲಿ ಹೋಗುವವರು ಮಂತ್ರವಾದಿಯೋ ಸರ್ವೆಯವರೋ ಎಂದು ಕೇಳಿದ್ದುಂಟು. ಹಾರೋಹಳ್ಳಿಯ ಕೈಗಾರಿಕಾ ಪ್ರದೇಶ ಹತ್ತಿರದಲ್ಲೇ ಇರುವುದರಿಂದ ನಮ್ಮ ಕಡೆಯವರಿಗೆ ಮಂತ್ರವಾದಿಗಿಂತ ಸರ್ವೆಯವರ ಭಯ ಹೆಚ್ಚು. “ಹಕ್ಕಿ ನೋಡೋಕೆ ಬಂದಿದ್ದಾರೆ” ಎಂದರೆ ಯಾರೂ ನಂಬುವುದಿಲ್ಲ. ಕುತ್ತಿಗೆಗೆ ದುರ್ಬೀನು, ಕೈಯಲ್ಲಿ ಪುಸ್ತಕ, ಜೇಬಲ್ಲಿ ಪೆನ್ನು. ಎಷ್ಟು ಎಕರೆ ಹೋಗುತ್ತದೆ ಎಂದೇ ಕೇಳುತ್ತಾರೆ.

ಅವರ ಪ್ರಾಮಾಣಿಕತೆ ಮಾತ್ರ ಬ್ಯಾಂಕಿನದು. ಒಮ್ಮೆ ಬಿಜ್ಜುವಿನ ಕೂಗು ಕೇಳಿ ಬರೆದುಕೊಂಡರು. ಮರುಗಳಿಗೆ ಪೊದೆಯಿಂದ ಎದ್ದದ್ದು ಕಾಜಾಣ. ಬಿಜ್ಜುವಿನ ದನಿ ತೆಗೆದು ಬೇರೆ ಹಕ್ಕಿಗಳನ್ನು ಬೆದರಿಸುವುದು ಅದರ ಹಳೆಯ ವಿದ್ಯೆ. ಯಾರೂ ನೋಡಿರಲಿಲ್ಲ, ರಾಯರು ತಾವೇ ಬರೆದದ್ದನ್ನು ಹೊಡೆದುಹಾಕಿ, ಪಕ್ಕದಲ್ಲಿ ಕಾರಣ ಬರೆದು, ಸಹಿ ಮಾಡಿದರು.

ಅದೇ ಮನುಷ್ಯ ಮಲಗಿದ್ದಲ್ಲೇ ಬಂದ ಲಾಭವನ್ನು ಬಿಡುವವರಲ್ಲ. ವರ್ಷದ ಪಟ್ಟಿಯಲ್ಲದೆ ಜೀವಮಾನದ ಪಟ್ಟಿಯೆಂಬ ಇನ್ನೊಂದು ಖಾತೆಯಿದೆ. ಮಗಳ ಬಾಣಂತನಕ್ಕೆಂದು ಟೆಕ್ಸಾಸಿಗೆ ಹೋಗಿದ್ದಾಗ ಅಲ್ಲಿಯ ದನಗಳ ಹಿಂದೆ ನಮ್ಮದೇ ಬೆಳ್ಳಕ್ಕಿ ಕಂಡು, “ಇದಕ್ಕಾ ಇಷ್ಟು ದೂರ ಬಂದೆ” ಎಂದು ಗೊಣಗಿದ್ದರು. 2023ರಲ್ಲಿ ಅವರು ನಂಬುವ ಪಕ್ಷಿವಿಜ್ಞಾನಿಗಳು ಬೆಳ್ಳಕ್ಕಿಯನ್ನು ಎರಡು ಜಾತಿ ಮಾಡಿದರು: ನಮ್ಮದು ಪೂರ್ವದ್ದು, ಅಮೆರಿಕದ್ದು ಪಶ್ಚಿಮದ್ದು. ಹಕ್ಕಿಯೂ ಹಾರಲಿಲ್ಲ, ರಾಯರೂ ಹಾಸಿಗೆ ಬಿಟ್ಟೇಳಲಿಲ್ಲ, ಒಂದು ಜಾತಿ ಜಮೆಯಾಯಿತು. “ಬಡ್ಡಿ ಬಂತು” ಎಂದರು. ಮೊಮ್ಮಗುವಿನ ಹೆಸರು ಕೇಳಿದರೆ ಒಂದು ಕ್ಷಣ ಯೋಚಿಸುತ್ತಾರೆ.

ನಮ್ಮ ತೋಟದ ಕೆಲಸಕ್ಕೆ ಬರುವ ಮುದುಕರಿಗೂ ರಾಯರಿಗೂ ಒಳ್ಳೆಯ ಸ್ನೇಹ. ಹುರುಳಿ ಹೊಲದಲ್ಲಿ ಕೂಗು ಎದ್ದಿತೆಂದರೆ ರಾಯರು ಮೊಬೈಲ್ ತೆಗೆಯುವಷ್ಟರಲ್ಲಿ ಮುದುಕರು ಹೇಳಿಯಾಗಿರುತ್ತದೆ: “ಗೌಜಲಕ್ಕಿ ಸ್ವಾಮಿ.”

“ನೋಡದೆ ಹೇಗೆ ಹೇಳ್ತೀರಿ?”

“ಎಷ್ಟ್ ತಿಂದಿವ್ನಿ!” ಎಂದವರು, ರಾಯರ ಮುಖ ನೋಡಿ, “ಈಗಿಲ್ಲ ಬುಡಿ. ಈಗ ಮುಟ್ಟುದ್ರೆ ಫಾರೆಸ್ಟ್‌ನೋರು ಎತ್ತಾಕ್ಕೊಂಡ್ ಹೋಯ್ತಾರೆ” ಎಂದು ಸೇರಿಸಿದರು.

ರಾಯರು ಬಹಳ ನೊಂದರು. ನಾನು ಸಮಾಧಾನ ಹೇಳಿದೆ. 1939–40ರಲ್ಲಿ ಸಲೀಂ ಅಲಿಯವರು ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ಮಾಡಿದಾಗಲೂ ಗುರುತು ಖಾತ್ರಿಯಾಗುತ್ತಿದ್ದದ್ದು ಕೋವಿಯಿಂದಲೇ. ಹೊಡೆದು, ಚರ್ಮ ಸುಲಿದು, ಚೀಟಿ ಕಟ್ಟಿ ಇಡುತ್ತಿದ್ದ ಕಾಲ ಅದು. ನಮ್ಮ ಮುದುಕರು ಚೀಟಿ ಕಟ್ಟಲಿಲ್ಲ, ಅಷ್ಟೆ.

ನವೆಂಬರ್, ಡಿಸೆಂಬರ್ ನಮಗೆ ರಾಗಿ ಕಾಯುವ ಕಾಲ. ಬನ್ನೇರುಘಟ್ಟದ ಕಾಡಿನಿಂದ ಆನೆ ಇಳಿಯುತ್ತದೆ. ಒಂದು ರಾತ್ರಿ ಮೈಮರೆತರೆ ವರ್ಷದ ಊಟ ಹೋಯಿತು. ಹಾಗಾಗಿ ಅಟ್ಟಣೆಯ ಮೇಲೆ ಬೆಂಕಿ, ತಮಟೆ, ಪಟಾಕಿ. ಅಂಥ ಒಂದು ಸಂಜೆ ರಾಯರು ಬಂಡಿದಾರಿಯಲ್ಲಿ ನತ್ತಿಂಗ ಹುಡುಕುತ್ತ ಕುಕ್ಕರುಗಾಲಲ್ಲಿ ಕೂತಿದ್ದರು. ಅದು ಕತ್ತಲಾದ ಮೇಲೆ ಮಣ್ಣಿನ ದಾರಿಯಲ್ಲಿ ಮಣ್ಣಿನ ಹಾಗೇ ಕೂರುವ ಹಕ್ಕಿ. ಅಟ್ಟಣೆಯ ಮೇಲಿದ್ದ ಹುಡುಗ ಪಿಸುಗುಟ್ಟಿದ: “ಸಾರ್, ಬಲಗಡೆ ಬಿದಿರುಮೆಳೇಲಿ ಆನೆ ಐತೆ. ಮೇಲಕ್ ಬನ್ನಿ.”

ರಾಯರು ತಿರುಗದೆ, “ಎರಡು ನಿಮಿಷ ಇರಪ್ಪಾ, ಕೂಗ್ತಾ ಇದೆ” ಎಂದರು.

“ಸಾರ್, ಒಂಟಿ ಸಲಗ!”

“ಅದು ನನಗೆ ಬೇಡ.”

ಹುಡುಗ ಇನ್ನು ಮಾತಿನಿಂದ ಫಲವಿಲ್ಲವೆಂದು ಪಟಾಕಿ ಹಚ್ಚಿದ. ಆನೆ ಕಾಡಿಗೆ ಹೋಯಿತು, ನತ್ತಿಂಗ ಆಚೆ ಹೊಲಕ್ಕೆ ಹೋಯಿತು, ರಾಯರು ಅಟ್ಟಣೆ ಹತ್ತಿ ಹುಡುಗನಿಗೆ ಶಬ್ದಮಾಲಿನ್ಯದ ಬಗ್ಗೆ ಉಪನ್ಯಾಸ ಕೊಟ್ಟರು. ಅವನು ಎಲ್ಲ ಕೇಳಿ, “ಸಾರ್, ಇನ್ನೊಂದ್ ಪಟಾಕಿ ಸರ ತಗೊಳಕ್ಕೆ ನೂರ್ ರೂಪಾಯ್ ಐತಾ?” ಎಂದ. ಕೊಟ್ಟರು.

ಕಳೆದ ಡಿಸೆಂಬರ್ 31ಕ್ಕೆ ರಾಯರ ಪಟ್ಟಿ 199ರಲ್ಲಿ ನಿಂತಿತ್ತು. ಸಂಜೆ ನಾಲ್ಕಕ್ಕೇ ನಮ್ಮ ಮನೆಗೆ ಬಂದರು. ಕಾಫಿ ಮುಟ್ಟಲಿಲ್ಲ. ಇರುವ ಹಕ್ಕಿಗಳನ್ನೆಲ್ಲ ಒಂದೊಂದಾಗಿ ಕೇಳುತ್ತ ಬಂದು, “ಕಣಜ ಗೂಬೆ ಕೂಡ ಸಿಗಲಿಲ್ಲ ನೋಡಿ ಈ ವರ್ಷ” ಎಂದು ನಿಟ್ಟುಸಿರಿಟ್ಟರು. ಎದುರುಮನೆಯ ಅಜ್ಜಿ ಅವರೆಕಾಯಿ ಬಿಡಿಸುತ್ತ ಕೂತಿದ್ದವರು ಕೈ ನಿಲ್ಲಿಸಿದರು. ಆಮೇಲೆ ರಾಯರನ್ನು ಪಕ್ಕಕ್ಕೆ ಕರೆದರು. ಅವರ ಹೆಂಚಿನ ಮನೆಯ ಅಟ್ಟದಲ್ಲಿ ಯುಗಾದಿಯಿಂದಲೂ ಒಂದು ಜೋಡಿ ಇದೆ. ಇಲಿಕಾಟ ತಪ್ಪಿದೆ ಎಂದು ಅಜ್ಜಿ ಸುಮ್ಮನಿದ್ದಾರೆ.

“ತೋರಿಸ್ತೀನಪ್ಪ, ನೋಡ್ಕೊ. ನಮ್ಮನೇಲಿ ಅದೆ ಅಂತ ಮಾತ್ರ ಬರೀಬ್ಯಾಡ. ಮನೆಗೆ ಗೂಬೆ ಸೇರ್ಕಂಡದೆ ಅಂದ್ರೆ ಮೊಮ್ಮಗಳಿಗೆ ಬಂದಿರೋ ಗಂಡು ತಪ್ಪೋಯ್ತದೆ.”

ರಾಯರು ಧರ್ಮಸಂಕಟಕ್ಕೆ ಬಿದ್ದರು. ಜಾಗ ನಮೂದಿಸದೆ ಪಟ್ಟಿಗೆ ಸೇರಿಸುವಂತಿಲ್ಲ. ಸುಳ್ಳು ಜಾಗ ಬರೆಯುವುದು ಜನ್ಮದಲ್ಲಿ ಸಾಧ್ಯವಿಲ್ಲ. ಬರೆದರೆ ಒಂದು ಮದುವೆ ಮುರಿಯುತ್ತದೆ, ಬರೆಯದಿದ್ದರೆ ಇನ್ನೂರು ಮುರಿಯುತ್ತದೆ. ಅವರು ಎರಡನ್ನೂ ತೂಗುತ್ತಿದ್ದುದು ಮುಖದಲ್ಲೇ ಕಾಣುತ್ತಿತ್ತು, ಮದುವೆಯ ತಟ್ಟೆ ಮೇಲೇರುತ್ತಿದ್ದುದೂ ಕಂಡಿತು. ಅಷ್ಟರಲ್ಲಿ ಹೊತ್ತು ಮುಳುಗಿ, ಅಟ್ಟದ ಕಿಂಡಿಯಿಂದ ಬೆಳ್ಳಗಿನದೊಂದು ಸದ್ದಿಲ್ಲದೆ ಹೊರಬಂದು, ಬೀದಿ ದಾಟಿ, ನಮ್ಮ ಮನೆಯ ನೀರಿನ ಟ್ಯಾಂಕಿನ ಮೇಲೆ ಕೂತು, ನಮ್ಮೆಲ್ಲರನ್ನೂ ಒಂದು ಸುತ್ತು ನೋಡಿ, ಹಾರಿಹೋಯಿತು.

ರಾಯರ ಮುಖ ಅರಳಿತು. “ನಿಮ್ಮ ಮನೆ ಮೇಲೆ ಕೂತಿತ್ತು. ನಾನು ಕಣ್ಣಾರೆ ಕಂಡಿದ್ದೇನೆ. ಇದರಲ್ಲಿ ಸುಳ್ಳೇನಿದೆ?” ಎಂದು ನನ್ನ ಹೆಂಡತಿಯ ಎದುರಿಗೇ ಬರೆದರು: ಕಣಜ ಗೂಬೆ, ಒಂದು, ನನ್ನ ಮನೆ, ಮರಳವಾಡಿ. ಸಮಯ, ಫೋಟೋ, ನಕ್ಷೆಯಲ್ಲಿ ಜಾಗ ಎಲ್ಲ ಸಮೇತ. ಜನರ ಮೇಲೆ ಗೂಬೆ ಕೂರಿಸುವವರನ್ನು ಕಂಡಿದ್ದೇನೆ. ಹೀಗೆ ಅಕ್ಷಾಂಶ ರೇಖಾಂಶ ಹಾಕಿ ಕೂರಿಸಿದವರು ಇವರೊಬ್ಬರೇ.

ಅಜ್ಜಿಯ ಮೊಮ್ಮಗಳ ಮದುವೆ ಚೈತ್ರದಲ್ಲಿ ಸುಸೂತ್ರ ನಡೆಯಿತು. ರಾಯರು ಬಂದಿದ್ದರು, ಐನೂರು ಮುಯ್ಯಿ ಮಾಡಿ ಎರಡು ಸಲ ಪಾಯಸ ಹಾಕಿಸಿಕೊಂಡರು. ನಮ್ಮ ಮನೆಗೆ ಮಾತ್ರ ಈಗ ಪ್ರತಿ ಭಾನುವಾರ ಬೆಂಗಳೂರಿನಿಂದ ಬೇರೆ ಬೇರೆ ಪಟ್ಟಿರಾಯರು ಟೋಪಿ ಹಾಕಿಕೊಂಡು ಬರುತ್ತಾರೆ. ನನ್ನ ಹೆಂಡತಿ ಬಾಗಿಲು ತೆಗೆಯುತ್ತಾಳೆ. “ಅಮ್ಮಾ, ಗೂಬೆ ಇರೋದು ಈ ಮನೇಲೇ ಅಲ್ವಾ?” ಎಂದು ಅವರು ಮೆಲ್ಲಗೆ ಕೇಳುತ್ತಾರೆ. ಅವಳು ಏನೂ ಮಾತಾಡದೆ, ಪೇಪರ್ ಓದುತ್ತ ಕೂತ ನನ್ನ ಕಡೆ ಕೈ ತೋರಿಸಿ ಒಳಗೆ ಹೋಗುತ್ತಾಳೆ.